9,94,009... ಮತ್ತು ರಬ್ಬರಿನಿಂದ ಅಳಿಸಿದ ಒಂದು ಸಾಲು

ಗದಗ ಕಡೆಯ ಒಂದು ಹೈಸ್ಕೂಲು. ಗಣಿತದ ಹಳ್ಳಿಕೇರಿ ಸರ್ ಅಂದರೆ ಊರಿಗೆಲ್ಲ ಭಾರೀ ಗೌರವ... ಇಪ್ಪತ್ತೆಂಟು ವರ್ಷ ಹೊಗಳಿಕೆ ಕೇಳಿ ಕೇಳಿ, ತಮ್ಮ ಲೆಕ್ಕ ತಪ್ಪುವುದೇ ಇಲ್ಲ ಅಂತ ಸರ್ ಕೂಡ ನಂಬಿಬಿಟ್ಟಿದ್ದರು.

ರಾಜ್ಯಮಟ್ಟದ ಗಣಿತ ಶಿಬಿರಕ್ಕೆ ಹತ್ತನೇ ತರಗತಿಯಿಂದ ಒಬ್ಬರಿಗೆ ಮಾತ್ರ ಅವಕಾಶ. ಆರಿಸಲು ಸರ್ ಒಂದೇ ಪ್ರಶ್ನೆ ಕೊಟ್ಟರು...

9,94,009 ಅವಿಭಾಜ್ಯ ಸಂಖ್ಯೆಯೋ, ಅಲ್ಲವೋ?

ಅವಿಭಾಜ್ಯ ಅಂದರೆ ಒಂದು ಮತ್ತು ಅದೇ ಸಂಖ್ಯೆಯ ಹೊರತು ಬೇರೆ ಯಾವುದರಿಂದಲೂ ಅದು ಪೂರ್ತಿ ಭಾಗವಾಗಬಾರದು. 2, 3, 5, 7... ಹೀಗೆ ಸಾವಿರದೊಳಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ತಲೆ ಚಿಟ್ಟು ಹಿಡಿಯುವ ಕೆಲಸ!

ವಾರದ ನಂತರ ಎಲ್ಲರೂ "ಅವಿಭಾಜ್ಯ" ಅಂದರು.

ಕಸ್ತೂರಿ ಬಡಿಗೇರ ಒಬ್ಬಳೇ ಎದ್ದು ನಿಂತಳು. "ಅಲ್ರೀ ಸರ್... ಇದು ಭಾಗ ಆಗ್ತೈತ್ರಿ."

"ನಾನ ಕೈಯಾರೆ ಮಾಡಿ ನೋಡೇನವ್ವಾ. ನನಗ ಲೆಕ್ಕ ಕಲಸ್ತೀ ಏನು? ಕುಂದ್ರು!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಶಿಬಿರಕ್ಕೆ ಇನ್ನೊಬ್ಬನ ಹೆಸರು ಹೋಯಿತು.

ನಾಲ್ಕು ದಿನ ಬಿಟ್ಟು ನೋಟ್‌ಬುಕ್ ತಿದ್ದುವಾಗ ಕಸ್ತೂರಿಯದು ಸರ್ ಕೈಗೆ ಬಂತು. ನೂರಾ ಅರವತ್ತೇಳು ಭಾಗಾಕಾರ... ಒಂದನ್ನೂ ಬಿಟ್ಟಿರಲಿಲ್ಲ. ಕೊನೆಯದು 991. ಅಲ್ಲಿಯೂ ಶೇಷ ಉಳಿದಿತ್ತು.

ವರ್ಷಗಳ ಹಿಂದೆ ಸರ್ ಕೂಡ ಅಲ್ಲಿಗೇ ನಿಲ್ಲಿಸಿದ್ದರು. ಇಷ್ಟಕ್ಕೂ ಬಗ್ಗದ್ದು ಸಾವಿರದೊಳಗೆ ಉಳಿದ ಆ ಒಂದೇ ಒಂದಕ್ಕೆ ಬಗ್ಗುತ್ತದೆಯೇ ಅಂತ.

ಆದರೆ ಕಸ್ತೂರಿಯ ಪುಟದಲ್ಲಿ ಅದರ ಕೆಳಗೆ ರಬ್ಬರಿನಿಂದ ಉಜ್ಜಿದ ಒಂದು ಸಾಲಿತ್ತು. ಪೆನ್ಸಿಲ್ ಒತ್ತಿದ ಗುರುತು ಮಾತ್ರ ಕಾಣುತ್ತಿತ್ತು... 997 × 997.

ಸರ್ ಗುಣಿಸಿದರು. 9,94,009. ಮತ್ತೆ ಗುಣಿಸಿದರು... ಅದೇ!

ತಕ್ಷಣ ಶಿಬಿರದವರಿಗೆ ಫೋನ್ ಮಾಡಿದರು. "ಲಿಸ್ಟ್ ಫೈನಲ್ ಆಗಿದೆ ಸರ್, ಈಗ ಏನೂ ಮಾಡಕ್ಕಾಗಲ್ಲ" ಅಂದರು ಅವರು.

ಸರ್ ನೇರ ಕ್ಲಾಸಿಗೆ ಹೋದರು. ಎಲ್ಲರೆದುರು ಕೈಮುಗಿದರು. "ತಪ್ಪು ನಂದವ್ವಾ ಕಸ್ತೂರಿ... ಆದ್ರ ಸರಿ ಇದ್ದ ಲೆಕ್ಕ ಯಾಕ ಅಳಿಸಿದಿ?"

"ನೀವು ಹಂಗಂದ ಮ್ಯಾಲೆ... ನನ್ನ ತಲೀನ ಸರಿ ಇಲ್ಲ ಅನ್ಕೊಂಡೆ ಸರ್."

ಸರ್ ಕಣ್ಣು ತುಂಬಿ ಬಂತು. ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಬೋರ್ಡಿನ ಮೇಲೆ ಬರೆಯಲು ಹೇಳಿದರು.

ಕಸ್ತೂರಿ ನಿಧಾನವಾಗಿ ಬರೆದಳು... 997 × 997 = 9,94,009.

ಆಮೇಲೆ ಸರ್ ಕಡೆ ತಿರುಗಿ, ಹೆದರುತ್ತಲೇ ಕೇಳಿದಳು.

"ಸರಿ ಐತೇನ್ರಿ ಸರ್...?"

ಹಳ್ಳಿಕೇರಿ ಸರ್ ಕುರ್ಚಿಯಲ್ಲಿ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತರು.

*ತಪ್ಪಿದ ಲೆಕ್ಕವನ್ನು ಒಂದು ನಿಮಿಷದಲ್ಲಿ ತಿದ್ದಬಹುದು, ಮಗುವಿನಲ್ಲಿ ಮುರಿದ ಧೈರ್ಯವನ್ನಲ್ಲ.*

ನಿಮ್ಮ ಒಂದು ಗದರಿಕೆಗೆ ಹೆದರಿ, ಸರಿ ಇದ್ದದ್ದನ್ನೇ ಅಳಿಸಿಕೊಂಡವರು ನಿಮ್ಮ ಮನೆಯಲ್ಲೂ ಇದ್ದಾರಾ... ಒಮ್ಮೆ ಕೇಳಿ ನೋಡಿದ್ದೀರಾ?