ಸದ್ದು ಮಾಡೋದೇ ಕೊಡಿ

"ಇದೂ ಕೆಟ್ಟಿದೆ," ಎಂದು ಗಂಡ ಎರಡನೆಯ ಟಾರ್ಕ್ ರೆಂಚನ್ನೂ ಮೇಜಿನ ಮೇಲೆ ಕುಕ್ಕಿದ.

ಅಂಗಡಿಯವನು ಹೆಂಡತಿಯ ಮುಖ ನೋಡಿದ. ಹೆಂಡತಿ ಅಂಗಡಿಯವನ ಮುಖ ನೋಡಿದಳು. ರೆಂಚು 'ಕಟ್' ಎಂದದ್ದು ಇಬ್ಬರಿಗೂ ಚೆನ್ನಾಗಿಯೇ ಕೇಳಿಸಿತ್ತು. ಮೊದಲನೆಯದೂ ಹಾಗೆಯೇ 'ಕಟ್' ಎಂದಿತ್ತು.

ಗಂಡ ಬೈಕಿನ ಕೆಲಸವನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳುವವನು. ಹೋದ ವಾರ ಇಂಜಿನ್ನಿನ ತಳದ ಬೋಲ್ಟನ್ನು ಮೈಮೇಲೆ ಬಂದವನಂತೆ ಬಿಗಿದು ಥ್ರೆಡ್ ಹಾಳುಮಾಡಿ, ಮೆಟ್ಟಿಲ ತನಕ ಎಣ್ಣೆ ಹರಿಸಿದ್ದ. ಅದನ್ನು ಸರಿ ಮಾಡಿಕೊಟ್ಟ ಮೆಕ್ಯಾನಿಕ್, ಮೊದಲು ಒಂದು ಟಾರ್ಕ್ ರೆಂಚು ತಗೊಳ್ಳಿ ಎಂದು ಕೈ ಮುಗಿದಿದ್ದ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟುಕೊಂಡರೆ, ಅಷ್ಟಾದ ಕೂಡಲೇ 'ಕಟ್' ಎಂದು ಹೇಳುವ ರೆಂಚು ಅದು.

ಹೆಂಡತಿಗೆ ರೆಂಚಿನ ಮೇಲೆ ಮನಸ್ಸೇ ಇರಲಿಲ್ಲ. ಬರುವ ದಾರಿಯಲ್ಲಿ, ಬೈಕಿನ ಹಿಂದಿನ ಸೀಟಿನಿಂದ, ಒಂದು ವರ್ಷದಿಂದ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಆಡಿಬಿಟ್ಟಿದ್ದಳು: "ನಾನು ಅಕ್ಕನ ಮನೆಗೆ ಹೋಗ್ತೀನಿ. ಇನ್ನು ವಾಪಸ್ ಬರಲ್ಲ." ಅವನು "ಹೂಂ" ಎಂದು ಗೇರ್ ಬದಲಿಸಿದ್ದ. ಅಷ್ಟೇ. ಬೀದಿನಾಯಿಯೊಂದು ಅಡ್ಡ ಬಂದಿದ್ದರೂ ಅದಕ್ಕಿಂತ ಹೆಚ್ಚು ಮಾತಾಡುತ್ತಿದ್ದ.

"ಸಾರ್, ನಿಧಾನವಾಗಿ ಎಳೀರಿ," ಎಂದ ಅಂಗಡಿಯವನು, ಮೂರನೆಯದನ್ನು ಕೊಡುತ್ತ. "ಇಪ್ಪತ್ತೈದಕ್ಕೆ ಇಟ್ಟಿದೀನಿ. ಕಟ್ ಅಂದ ತಕ್ಷಣ ಬಿಟ್ಬಿಡಿ. ಕೈಗೂ ಒಂಚೂರು ಗೊತ್ತಾಗುತ್ತೆ."

"ಅಂದ್ರೆ ತಾನೇ ಬಿಡೋದು?"

ಮೇಜಿಗೆ ಬಿಗಿದ ವೈಸಿನ ಇಕ್ಕಳದಲ್ಲಿ ಕಚ್ಚಿಸಿಟ್ಟ ಬೋಲ್ಟಿಗೆ ರೆಂಚು ಹಾಕಿ ಅವನು ಇಡೀ ಮೈಭಾರ ಬಿಟ್ಟ. ಕಟ್. ಅವನು ಎಳೆಯುತ್ತಲೇ ಇದ್ದ. ಬೋಲ್ಟು ಕಿರುಗುಟ್ಟಿತು, ವೈಸಿನ ಸಮೇತ ಮೇಜು ಒಂದು ಗೇಣು ಈಚೆ ಬಂತು, ಸ್ಕ್ರೂ ಡಬ್ಬಿಯೊಂದು ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು.

"ನೋಡಿದ್ರಾ? ಉಸಿರೇ ಇಲ್ಲ! ನಮ್ಮ ಬೀದೀಲಿ ಯಾರ ಗಾಡಿ ಕೆಟ್ರೂ ಇಂಜಿನ್ ಸದ್ದು ಕೇಳಿ ರೋಗ ಹೇಳೋ ಕಿವಿ ಇದು. ನನ್ನ ಹತ್ರ ಇದೆಲ್ಲ ನಡೆಯಲ್ಲ."

ಹೆಂಡತಿ ಅವನ ಕಿವಿಯನ್ನೇ ನೋಡಿದಳು. ಅವಳು ಅವನ ಬೆನ್ನ ಹಿಂದೆ ಸರಿದು ನಿಂತು, ಎಂದಿನ ದನಿಯಲ್ಲಿ ಹೇಳಿದಳು: "ರೀ, ನಿಮ್ಮ ಅಂಗಿ ಹಿಂದೆ ಹರಿದಿದೆ."

ಅಂಗಡಿಯವನು ಬಗ್ಗಿ ಅವನ ಬೆನ್ನು ನೋಡಿದ. ಅಂಗಿ ನೆಟ್ಟಗೇ ಇತ್ತು. ಗಂಡ ಮಾತ್ರ ರೆಂಚಿನ ಹಿಡಿಯನ್ನು ತಿರುವಿ ತಿರುವಿ ಅದರ ತಪ್ಪು ಹುಡುಕುತ್ತಿದ್ದ.

ಒಂದು ವರ್ಷದ್ದೆಲ್ಲ ಅವಳಿಗೆ ನೆನಪಾಯಿತು. ಅಡುಗೆಮನೆಯಿಂದ ಅವಳು ಆಡಿದ ಮಾತಿಗೆಲ್ಲ ಒಂದೋ 'ಹೂಂ', ಇಲ್ಲವೇ ಮೌನ. ಪಕ್ಕದ ಮನೆಯಾಕೆ ಎದುರು ನಿಂತು ಮಾತಾಡಿದರೆ ಮಾತ್ರ ಕಣ್ಣು ಮಿಟುಕಿಸದೆ ಆಕೆಯ ಬಾಯನ್ನೇ ನೋಡುತ್ತಿದ್ದ. ಅದನ್ನು ಕಂಡು ಹೊಟ್ಟೆ ಉರಿದುಕೊಂಡು ಎಷ್ಟು ದಿನ ಸಾರಿಗೆ ಉಪ್ಪು ಹೆಚ್ಚು ಹಾಕಿದ್ದಳೋ! ಅವನು ನೋಡುತ್ತಿದ್ದದ್ದು ಆಕೆಯ ಚಂದವನ್ನಲ್ಲ, ಮಾತನ್ನು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಅಷ್ಟರಲ್ಲಿ ಅಂಗಡಿಯವನಿಗೂ ಸಂಗತಿ ಹೊಳೆದಿತ್ತು. ಒಳಗಿನಿಂದ ಬೇರೊಂದು ರೆಂಚು ತಂದ. "ಸಾರ್, ಇದು ನೋಡಿ. ಇದರಲ್ಲಿ ಸದ್ದುಗಿದ್ದು ಇಲ್ಲ. ಎಷ್ಟು ಬಿಗಿ ಆಯ್ತು ಅಂತ ಮುಳ್ಳು ತೋರಿಸುತ್ತೆ. ಕಣ್ಣಿದ್ರೆ ಸಾಕು."

"ಇದು ನೋಡಿ ಮಾಲು ಅಂದ್ರೆ!" ಗಂಡನ ಮುಖ ಅರಳಿತು.

ಹೆಂಡತಿ ಅವನ ಎದುರಿಗೇ ಬಂದು ನಿಂತಳು. "ಅದು ಬೇಡ. ಸದ್ದು ಮಾಡೋದೇ ಕೊಡಿ."

"ಅಲ್ಲಮ್ಮಾ, ಸಾರ್‌ಗೆ…"

"ಸದ್ದು ಕೇಳೋಕೆ ನಾನಿದೀನಲ್ಲ," ಎಂದಳು, ಗಂಡನ ಮುಖ ನೋಡುತ್ತಲೇ.

ಗಂಡನ ಕಿವಿ ಎರಡೂ ಕೆಂಪಾದವು. ಆ ಕೆಲಸವನ್ನಾದರೂ ಅವು ಸರಿಯಾಗಿ ಮಾಡಿದವು.

ಮನೆಗೆ ಬಂದವನೇ ಅವನು ಹೊಸ ರೆಂಚು ಹಿಡಿದು ಬೈಕಿನ ಹ್ಯಾಂಡಲ್ ಬೋಲ್ಟುಗಳಿಗೆ ಕೈ ಹಾಕಿದ. ಅವಳು ಬೆನ್ನ ಹಿಂದೆ ನಿಂತಳು. ಕಟ್. ಅವಳು ಬೆನ್ನು ತಟ್ಟಿದಳು. ಅವನು ಕೈ ಬಿಟ್ಟ. ಬೋಲ್ಟಿಗೂ ಜೀವ ಬಂದಂತಾಗಿರಬೇಕು.

ಅವಳು ಬೈಕನ್ನು ಸುತ್ತಿ ಬಂದು, ಹೆಡ್‌ಲೈಟಿನ ಆಚೆ, ಅವನಿಗೆ ಮುಖ ಕೊಟ್ಟು ನಿಂತಳು. "ಯಾಕ್ರೀ ಹೇಳಲಿಲ್ಲ?"

"ಕಿವಿಯಿಂದಲೇ ಹೆಸರು ಮಾಡಿದೋನು ಕಣೇ. ಹೇಳೋಕೆ ನಾಚಿಕೆ ಆಯ್ತು. ಹೂಂ ಅಂತಿದ್ರೆ ಹೇಗೋ ನಡೆಯುತ್ತೆ ಅಂದ್ಕೊಂಡೆ."

"ಯಾವ್ಯಾವುದಕ್ಕೆ ಹೂಂ ಅಂದಿದೀರಿ, ಗೊತ್ತಾ?"

"ಏನಾದ್ರೂ… ದೊಡ್ಡದಿತ್ತಾ?" ಎಂದವನು ಉತ್ತರಕ್ಕೆ ಹೆದರಿ ಮತ್ತೆ ರೆಂಚು ಎತ್ತಿಕೊಂಡ. "ಇನ್ನೂ ಮೂರು ಬೋಲ್ಟ್ ಬಾಕಿ ಇದೆ, ತಡಿ."

"ಅವು ಎಲ್ಲೂ ಓಡಿಹೋಗಲ್ಲ. ಕೆಳಗಿಡಿ ಅದನ್ನ." ಅವಳು ಹ್ಯಾಂಡಲಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು. "ನನ್ನ ಬಾಯಿ ನೋಡಿ. ಒಂದು ವರ್ಷದಿಂದ ಆಡಿದ್ದನ್ನೆಲ್ಲ ಮೊದಲಿಂದ ಹೇಳ್ತೀನಿ. ಬೆಳಿಗ್ಗೆ ದಾರೀಲಿ ಹೇಳಿದ್ದೊಂದು ಬಿಟ್ಟು."