ಫ್ರೀಜರಿಗೊಂದು ಹಾರ

ದಕ್ಷಿಣ ಧ್ರುವಪ್ರದೇಶದ ಹೆಪ್ಪುಗಟ್ಟಿದ ಕಡಲಿನ ಮೇಲೆ ಎರಡು ತಿಂಗಳು ಗಡಗಡ ನಡುಗಿ, ಡಾ. ಮಂದಾಕಿನಿ ಮೂವತ್ತು ಮಂಜುಗಡ್ಡೆಯ ದಿಂಡುಗಳನ್ನು ಕೊರೆದು ತಂದಿದ್ದರು. ಅವುಗಳೊಳಗಿನ ಸೂಕ್ಷ್ಮಜೀವಿಗಳು ಏರುತ್ತಿರುವ ಬಿಸಿಯನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದನ್ನು ಜಗತ್ತಿಗೆ ತಿಳಿಸುವ ಭಾರವೆಲ್ಲ ಅವರ ತಲೆಯ ಮೇಲೇ ಇತ್ತು. ಭೂಮಿಯ ಬಿಸಿಯ ಬಗ್ಗೆ ಅವರಿಂದ ಉಪದೇಶ ಕೇಳಿಸಿಕೊಳ್ಳದ ಒಂದು ನರಪಿಳ್ಳೆಯೂ ಅವರ ಸಂಶೋಧನಾ ಸಂಸ್ಥೆಯಲ್ಲಿ ಉಳಿದಿರಲಿಲ್ಲ.

ದಸರಾ ರಜೆ ಮುಗಿಸಿ ಬಂದು ನೋಡಿದರೆ, ಪ್ರಯೋಗಾಲಯದಲ್ಲಿ ಆ ದಿಂಡುಗಳನ್ನಿಟ್ಟಿದ್ದ ಫ್ರೀಜರಿಗೆ ಚೆಂಡುಹೂವಿನ ಹಾರ, ಅರಿಸಿನ, ಕುಂಕುಮ. ಒಳಗೆ ಬರೀ ನೀರು.

"ಯಾರ್ರೀ ಇದನ್ನ ಆಫ್ ಮಾಡಿದ್ದು?"

"ನಾನೇ ಮೇಡಮ್," ಎಂದ ಅಟೆಂಡರ್ ಹೊನ್ನಪ್ಪ, ಬಹುಮಾನಕ್ಕೆ ಕಾದವನಂತೆ. "ಆಯುಧ ಪೂಜೆ ಮುಗಿಸಿ, ಮಂಗಳಾರತಿ ಎತ್ತಿ, ಆಮೇಲೇ ಆಫ್ ಮಾಡ್ದೆ."

"ರೀ ಹೊನ್ನಪ್ಪ, ನಿಮ್ಮ ತಲೇಲಿ ಏನ್ರೀ ಇದೆ? ನನ್ನ ಎರಡು ತಿಂಗಳ ಕೆಲಸ ನೀರಾಯ್ತಲ್ರೀ! ಹೀಗೆ ಮಾಡು ಅಂತ ಯಾವ ಮೂರ್ಖ ಹೇಳಿದ್ದು ನಿಮಗೆ?"

ಹೊನ್ನಪ್ಪ ಸ್ವಿಚ್ಚಿನ ಮೇಲಿನ ಗೋಡೆ ತೋರಿಸಿದ. ರಜೆಗೆ ಮುಂಚೆ ಮಂದಾಕಿನಿಯವರೇ ಬರೆದು, ಸಹಿ ಹಾಕಿ, ಅಂಟಿಸಿಹೋಗಿದ್ದ ಚೀಟಿ ಅಲ್ಲಿತ್ತು:

"ರಜೆಗೆ ಹೋಗುವಾಗ ಎಲ್ಲ ಯಂತ್ರಗಳನ್ನೂ ಆಫ್ ಮಾಡಿ. ಧ್ರುವದ ಹಿಮ ಉಳಿಸಿ."