ಹನ್ನೊಂದು ನಿಮಿಷದ ವಿಡಿಯೋ

“ವಿಡಿಯೋದಾಗ ಇರೋ ವ್ಯಕ್ತಿಯ ಖಾಸಗಿತನಕ್ಕ ಧಕ್ಕಿ ಆಗತೈತಿ. ಕೊಡಾಕ ಬರೂದಿಲ್ಲ,” ಎಂದು ಠಾಣೆಯ ಅಧಿಕಾರಿ ಮಾಹಿತಿ ಹಕ್ಕಿನ ಅರ್ಜಿಯ ಉತ್ತರವನ್ನು ಕವಿತಾಳ ಮುಂದೆ ಎಸೆದ.

“ಯಾವ ವ್ಯಕ್ತಿರಿ?”

“ದ್ಯಾಮೇಶ ಅಂತ.”

ಕವಿತಾ ಗಂಡನ ತೋಳು ಹಿಡಿದು ಮುಂದೆ ನಿಲ್ಲಿಸಿದಳು. “ಇವ್ರ ರೀ ಅವ್ರು. ಅರ್ಜಿ ಕೊಟ್ಟವರೂ ಇವ್ರ.”

ಜಕ್ಕಲಿಯ ಕೂಲಿಯಾಳು ದ್ಯಾಮೇಶ ಸಂತೆಯಲ್ಲಿ ಪೇದೆಯ ಮೇಲೆ ಕೈ ಮಾಡಿದನೆಂದು ಕೇಸಾಗಿತ್ತು. ನಿಜಕ್ಕೂ ಪೇದೆಯ ಏಟಿಗೆ ಕಿವುಡಾದದ್ದು ಅವನ ಬಲಗಿವಿ. ಯಾರು ಯಾರನ್ನು ಹೊಡೆದರೆಂದು ಪೇದೆಯ ಎದೆಗೆ ಸಿಕ್ಕಿಸಿದ್ದ ಕ್ಯಾಮೆರಾ ಒಂದೇ ಹೇಳಬಲ್ಲದು.

ಅಧಿಕಾರಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ನಕ್ಕ. “ಹಂಗಾದ್ರ ಇದನ್ನೂ ಕೇಳ್ರಿ. ಆ ವಿಡಿಯೋನ ಇಲ್ಲ. ಅವತ್ತ ಕ್ಯಾಮೆರಾ ಬಂದ್ ಇತ್ತು. ಓದಾಕ ಬರದವ್ರಿಗೆ ಈ ಕಾಗದಪತ್ರ ಎಲ್ಲಾ ಯಾಕ ಬೇಕು?”

ಕವಿತಾ ಕಾಗದ ಎತ್ತಿಕೊಂಡು, ಠಾಣೆಗೆಲ್ಲ ಕೇಳುವಂತೆ ಓದಿದಳು: “‘ಸದರಿ ದಿನದ ಹನ್ನೊಂದು ನಿಮಿಷಗಳ ವಿಡಿಯೋ ಠಾಣೆಯಲ್ಲಿ ಭದ್ರವಾಗಿದ್ದು, ಖಾಸಗಿತನದ ಕಾರಣಕ್ಕೆ ನೀಡಲಾಗದು.’ ಕೆಳಗ ನಿಮ್ಮ ಸಹಿ ಐತ್ರಿ. ಶಿಕ್ಕಾನೂ ಐತಿ.”

ಅಧಿಕಾರಿಯ ಮುಖ ಇಳಿಯಿತು. “ತಾ ಇಲ್ಲಿ. ಅದರಾಗ ತಪ್ಪ ಆಗೇತಿ, ಬ್ಯಾರೆ ಬರದ ಕೊಡ್ತೇನಿ,” ಎಂದು ಕೈ ಚಾಚಿದ.

ಅವಳು ಕಾಗದವನ್ನು ಮಡಚಿ ಕುಪ್ಪಸದೊಳಗೆ ಸೇರಿಸಿದಳು.

“ತಪ್ಪೇನಿಲ್ರಿ ಸಾಹೇಬ್ರ. ನಿಮ್ಮ ಜಲ್ಮದಾಗ ನೀವು ಖರೇ ಬರದದ್ದು ಇದೊಂದ. ಜಡ್ಜ್ ಸಾಹೇಬ್ರೂ ಓದ್ಲಿ.”